ಮುಂದಿನ ನಾಲ್ಕು ಹಲ್ಲು

ನಾ ಡಾಕ್ಟರ್ ಅಲ್ಲ. ದುರ್ಗದ ಬೈಲಿನ ಹಿಂದಿನ ಓಣಿಯಾಗ
ಮಾಳಿಗಿ ಮ್ಯಾಲಿನ ಖೋಲಿ ನನ್ನದು.
ಡಾಕ್ಟರು ಅಚ್ಚು ಕಳಸ್ತಾರ, ನಾ ಹಲ್ಲು ಮಾಡಿ ಕೊಡ್ತೀನಿ.
ಬಾಯಿ ಯಾರದು, ಕೇಳೂದಿಲ್ಲ.
ಮೂವತ್ತು ವರ್ಷದಾಗ ಹುಬ್ಬಳ್ಳಿಯ ಎಷ್ಟು ನಗು
ಈ ಕೈಯಾಗ ಹಾದು ಹೋಗ್ಯಾವೋ.

ಗೂಳಪ್ಪ ಗಂಜಿ ಮಾಸ್ತರು ಮಾತ್ರ
ಡಾಕ್ಟರನ್ನ ದಾಟಿ, ಪಾವಟಿಗಿ ಹತ್ತಿ, ಏದುಸಿರು ಬಿಡಕೋತ
ನೆಟ್ಟಗ ನನ್ನ ಬಾಗಿಲಿಗೇ ಬಂದ್ರು.
ಬಗಲಾಗ ಛತ್ರಿ ಬಟ್ಟಿಯಿಂದ ಹೊಲಿಸಿದ ಉದ್ದನ್ನ ಚೀಲ.
‘ಹಜರೇಸಾಬ, ಊಟಕ್ಕೇನೂ ತ್ರಾಸಿಲ್ಲ, ಕಬ್ಬಾದ್ರೂ ಕಡೀತೀನಿ.
ಸಾ ಹತ್ತವಲ್ದು.’

ಉಣಕಲ್ಲ ಕ್ರಾಸಿನಾಗ ಚಿಗರಿ ಬಸ್ಸು ಗಕ್ಕನ ನಿಂತಾಗ
ಮುಂದಿನ ಸೀಟಿನ ಸಳಿ ಬಡದು
ಹೋಗಿದ್ದುವು ನಾಲ್ಕು.
ಕೊಳಲಿಗೆ ಒಂದು ಗೀರೂ ಇಲ್ಲ,
ಎದಿಗವಚಿ ಹಿಡದಿದ್ರಂತ ಎರಡೂ ಕೈಲೆ.
‘ಅದನ್ನ ಬಿಟ್ಟು ಕೈ ಅಡ್ಡ ಹಿಡೀಬೇಕಿತ್ತರಿ’ ಅಂದನಂತ ಬಾಜೂದಾಂವ.

ಕಾನಸ ಹಿಡದು ಉಜ್ಜಿದೆ.
ಒಂದು ವಾರ ಕೂದಲೆಳಿಯಷ್ಟು ಒಳಗ, ಇನ್ನೊಂದು ವಾರ ಹೊರಗ.
ಪ್ರತಿ ಸಲ ಸ್ಟೂಲಿನ ಮ್ಯಾಲೆ ಕುಂತು ಊದೋರು.
ಗಾಳಿ. ಬರೇ ಗಾಳಿ.
‘ಕುಕ್ಕರಿಗೂ ಇದಕ್ಕಿಂತ ಸ್ವರ ಇರತದ’ ಅಂತ ನಕ್ಕು
ಪ್ಲಾಸ್ಟರ್ ಒಣಗೂತನಕಾ ಮಾತಾಡಿಕೋತ ಕೂಡತಿದ್ರು.

ಹಂಗ ತುಣುಕು ತುಣುಕಾಗಿ ಸಿಕ್ಕಿತು ಅವರ ಆಯುಷ್ಯ.
ಬೆಟಗೇರಿಯ ಮಗ್ಗದ ಮನಿ.
ಅವ್ವ ನೂಲು ಸುತ್ತಿ ಸುತ್ತಿ ಒಗೀತಿದ್ದ ಬುಟ್ಟ್ಯಾಗಿಂದ
ಖಾಲಿ ಕಂಡಿಕಿ ಒಂದು ಕದ್ದು ತುಟಿಗಿಟ್ಟಾಗ ಐದು ವರ್ಷ.
ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟ ಅಪ್ಪ
ಲಾಳಿ ನಿಲ್ಲಸಲಾರದ ಅಂದಿದ್ನಂತ:
‘ಅದಕ್ಕ ನೂಲು ಸುತ್ತಬೇಕಲೇ, ಉಸುರಲ್ಲ.’

ಗದಗಿನ ಗುರುಗಳು ಮೂರು ವರ್ಷ
ಭೂಪ ಬಿಟ್ಟು ಬ್ಯಾರೆ ಹೇಳಲಿಲ್ಲ.
ಧಾರವಾಡದ ರೇಡಿಯೋದಾಗ ಮೂವತ್ತೊಂದು ವರ್ಷ
ಹೆಸರಿಲ್ಲದ ‘ನಿಲಯದ ಕಲಾವಿದರು’.
ರೈತರ ಕಾರ್ಯಕ್ರಮ ಲಗೂ ಮುಗದ್ರ ಎರಡು ನಿಮಿಷ,
ಸುದ್ದಿ ತಡಾ ಆದ್ರ ಮೂರು.
ದೊಡ್ಡ ಮಂತ್ರಿ ಯಾರರೆ ಸತ್ತರ ಇಡೀ ದಿನ ಅವರದೇ.
‘ಸಾವು ನನಗ ಭಾಳ ಕೆಲಸ ಕೊಟ್ಟಾವಪಾ’ ಅಂದ್ರು ತಣ್ಣಗ.

ಪುಣೆಯಾಗ ಒಮ್ಮೆ ದೊಡ್ಡ ವೇದಿಕಿ ಸಿಕ್ಕಿತ್ತಂತ.
ಬೆಳಗಿನ ಮೂರೂವರಿ, ಜನ ಎದ್ದು ಹೋದ ಮ್ಯಾಲೆ,
ಕುರ್ಚಿ ಮಡಚೋ ಸಪ್ಪಳದಾಗ ಅರ್ಧ ತಾಸು ಲಲಿತ.
‘ಅವತ್ತು ಚಲೋ ಬಾರಿಸಿದ್ದೆನೋ ಏನೋ.
ಮಡಚಾಂವ ಒಬ್ಬ ನಿಂತಬಿಟ್ಟಿದ್ದ,
ಕುರ್ಚಿ ಕೈಯಾಗ ಹಿಡಕೊಂಡು.’

ಒಂಬತ್ತನೇ ಸಲ ಬಂದಾಗ
ಪಿಂಚಣಿ ಕಾಗದದೊಳಗಿಂದ ಹಳೇ ಗುರುತಿನ ಚೀಟಿ
ಜಾರಿ ಬಿತ್ತು ನನ್ನ ಮೇಣದ ತಾಟಿನಾಗ.
ಕಪ್ಪು ಬಿಳಿ ಫೋಟೋ. ದಪ್ಪ ಮೀಸಿ. ನಗತಿದ್ರು.
ನಡುವಿನ ಎರಡು ಹಲ್ಲಿನೊಳಗ
ಜ್ವಾಳದ ಕಾಳು ಕೂಡುವಷ್ಟು ಸಂದಿ.

ನಾ ಕೊಟ್ಟದ್ದು ಸಾಲು ಹಚ್ಚಿದ ಹಲ್ಲು,
ಬೆಳಕೂ ನುಸುಳದಂಗ ಬಿಗಿದದ್ದು.
ಸೊಕ್ಕಿನ ಕೆಲಸ.
‘ಇದನ್ನ ಮೊದಲ ಯಾಕ ಹೇಳಲಿಲ್ಲರಿ?’
‘ಹೆಣ್ಣು ನೋಡಾಕ ಹೋದಾಗ ಬಾಯಿ ಮುಚ್ಚಿ ಕುಂತಿದ್ದೆ,
ಅದೇ ಚಟಾ.’

ಸಣ್ಣ ಚಕ್ರ ಹಚ್ಚಿ ನಡುವ ಬಿಡಿಸಿದೆ.
ಪುಡಿ ಹಾರಿ ಚಾಳೀಸಿನ ಮ್ಯಾಲೆ ಕುಂತಿತು.
ಸ್ಟೂಲು. ಚೀಲ. ಉದ್ದನ್ನ ಬಿದಿರು.
ಮೊದಲ ಗಾಳಿ.
ಆಮ್ಯಾಲೆ, ಕೆಳಗಿನ ಮಿರ್ಚಿ ಗಾಡಿಯ ಎಣ್ಣಿ ಸಪ್ಪಳ ದಾಟಿ
ಮಂದ್ರದ ಒಂದು ಸಾ,
ತೊಯ್ದ ಅರಿವಿಯಂಗ ಭಾರ.
ಅವರು ನಿಲ್ಲಸಲಿಲ್ಲ. ನನ್ನ ಚಹಾ ಆರಿತು.

ತಾರದ್ದು ಬರಲಿಲ್ಲ, ಇನ್ನೂ ಬಂದಿಲ್ಲ.
‘ಇರಲಿ ಬಿಡು, ಮ್ಯಾಲಿಂದು ಹುಡುಗ್ರು ನೋಡಿಕೋತಾರ.’

ಬಿಲ್ಲಿನಾಗ ಬರದೆ: ಹಲ್ಲು ನಾಲ್ಕು, ಎರಡು ಸಾವಿರದ ನಾನ್ನೂರು.
ಕೆಳಗ ‘ಸಂದಿ ಒಂದು’ ಅಂತ ಬರದು
ಪೆನ್ನು ಎತ್ತಿ ಕುಂತೆ.
ಮಾಸ್ತರು ಇಣುಕಿ ನೋಡಿದ್ರು:
‘ಅದು ನಮ್ಮವ್ವಂದು, ರೊಕ್ಕಾ ಹಿಡೀಬ್ಯಾಡ.
ನೂಲು ಕಡೀತಿದ್ಲು ಅದರಾಗ.’